ನೆರವಿಗೆ ಬಿದ್ದ ಮೈನಸ್

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮೈಸೂರಿನಿಂದ ಬೀರೂರಿಗೆ ವಾಪಸು ಬಂದ ವಾರದಲ್ಲೇ ನಮ್ಮ ಬೀದಿಯ ಜವಳಿ ಅಂಗಡಿ ಯಜಮಾನರು ಮನೆಗೆ ಬಂದು, ಹೊಸ ಅಂಗಡಿಗೆ ಯಾವ ನಂಬರು ಕೂಡಿಬರುತ್ತದೆ ಎಂದು ಕೇಳಿದರು. ನಾನು ಕಲಿತದ್ದು ಆ ವಿದ್ಯೆಯಲ್ಲ, ಲೆಕ್ಕದ ವಿದ್ಯೆ ಎಂದೆ. ಹಾಗಾದರೆ ಅಂಗಡಿ ಲೆಕ್ಕ ಬರೆದುಕೊಡುತ್ತೀಯಾ ಎಂದರು. ಅದೂ ಬರುವುದಿಲ್ಲ ಎಂದಾಗ, "ಮತ್ತೆ ಇಷ್ಟ್ ವರ್ಷ ಅಲ್ಲಿ ಏನ್ ಕಲಿಸಿದ್ರು ತಾಯಿ?" ಎಂದು ನಿಜವಾದ ಕನಿಕರದಿಂದ ಕೇಳಿ, ಕೊಟ್ಟ ಕಾಫಿ ಕುಡಿದು ಹೋದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಓದಿದವರಿಗೆ ಮರ್ಯಾದೆ ಇತ್ತು, ಕೆಲಸ ಇರಲಿಲ್ಲ.

ನನಗೆ ಕೆಲಸ ಬೇಕಿತ್ತು, ಅದೂ ಬೀರೂರಿನಿಂದ ದೂರದಲ್ಲಿ. ಕಾರಣ ನಮ್ಮವ್ವ. ಅಪ್ಪ ರೈಲ್ವೆ ಯಾರ್ಡಿನಲ್ಲಿ ಕೆಲಸಕ್ಕಿದ್ದವರು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಆಮೇಲೆ ಅವ್ವನಿಗೆ ಸ್ಟೇಷನ್ನಿನಲ್ಲಿ ಪ್ರಯಾಣಿಕರಿಗೆ ನೀರು ಕೊಡುವ ಕೆಲಸ ಸಿಕ್ಕಿತು. ಪ್ಲಾಟ್‌ಫಾರಂ ಮೇಲೆ ಅವಳಷ್ಟು ನಗುಮುಖದವಳು ಇನ್ನೊಬ್ಬಳಿಲ್ಲ. ಕಿಟಕಿಯಿಂದ ಚಾಚಿದ ಚೊಂಬಿಗೆಲ್ಲ ನೀರು ಹುಯ್ಯುತ್ತಾ ಹುಬ್ಬಳ್ಳಿಯವರ ಸುದ್ದಿಯನ್ನು ಬೆಂಗಳೂರಿನವರಿಗೆ ಹೇಳುತ್ತಿದ್ದಳು. ಮನೆಗೆ ಬಂದು ಕಾಲು ತೊಳೆದ ಕೂಡಲೇ ಬೇರೆಯೇ ಹೆಂಗಸು. "ನಿಮ್ಮಪ್ಪ ಹೋದ್ಮೇಲೆ ನಮ್ಗೆ ಒಂದ್ ನರಪಿಳ್ಳೆನೂ ಆಗ್ಲಿಲ್ಲ ಕಣೇ. ಅದ್ರಲ್ಲೂ ತರೀಕೆರೆಯೋರು" ಎಂದು ಶುರು. ತರೀಕೆರೆಯವರೆಂದರೆ ಅಪ್ಪನ ಅಣ್ಣನ ಮನೆ, ನನ್ನ ದೊಡ್ಡಪ್ಪ ದೊಡ್ಡಮ್ಮ. ಈ ಮಾತನ್ನು ಅನ್ನದ ಜೊತೆ ಉಂಡುಕೊಂಡೇ ಬೆಳೆದೆ. ಯಾರೂ ಆಗದ ಊರಿಗೆ ನಾನ್ಯಾಕೆ ಆಗಬೇಕು ಎನ್ನುವುದು ನನ್ನ ವಾದ. ಕೋಪ ಮೊದಲಿನಿಂದಲೂ ನನಗೆ ಮೂಗಿನ ತುದಿಯಲ್ಲೇ.

ಹೀಗಿರುವಾಗ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಿಂದ ಕರೆ ಬಂತು. ಅಲ್ಲಿನ ಪ್ರೊಫೆಸರರಿಗೆ ಒಂದು ಪ್ರಶ್ನೆ ತಲೆ ಹೊಕ್ಕಿತ್ತು. ಬೆಂಕಿ ಬೀಳುತ್ತದೆ, ದನಕ್ಕೆ ರೋಗ ಬರುತ್ತದೆ, ದುಡಿಯುವವನು ಸಾಯುತ್ತಾನೆ. ಪೆಟ್ಟು ಎಲ್ಲರಿಗೂ ಬೀಳುತ್ತದೆ. ಆದರೆ ಕೆಲವು ಮನೆಗಳು, ಕೆಲವು ಊರುಗಳು ಬೇಗ ಮೈಕೊಡವಿ ಏಳುತ್ತವೆ, ಕೆಲವು ಏಳುವುದೇ ಇಲ್ಲ. ಯಾಕೆ? ಕಡೂರು, ತರೀಕೆರೆ ತಾಲ್ಲೂಕುಗಳ ಊರುಗಳಲ್ಲಿ ಮನೆಮನೆಗೆ ಹೋಗಿ ವಿವರ ತರಬೇಕು, ಕಂಪ್ಯೂಟರಿಗೆ ಹಾಕಿ ಕಾರಣ ಹುಡುಕಬೇಕು. ಇದಕ್ಕೆ ಇಬ್ಬರನ್ನು ತೆಗೆದುಕೊಂಡರು: ನಾನು, ಮತ್ತು ಹಿರೇನಲ್ಲೂರು ಕಡೆಯ ಒಬ್ಬ ಅರ್ಥಶಾಸ್ತ್ರದ ಹುಡುಗ. ವರದಿ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರಿಗೆ ಸಂಸ್ಥೆಯಲ್ಲಿ ಖಾಯಂ ಕೆಲಸ ಎಂದು ಪ್ರೊಫೆಸರರು ಮೊದಲ ದಿನವೇ ಹೇಳಿದರು. ಆ ಕೆಲಸ ನನ್ನದೇ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಕಂಪ್ಯೂಟರ್ ಕೋಣೆಯ ತಂಪು, ಚಪ್ಪಲಿ ಹೊರಗೆ ಬಿಟ್ಟು ಗರ್ಭಗುಡಿಗೆ ಹೋದಂತೆ ಹೋಗುವ ಆ ಶಿಸ್ತು, ಹಾಸ್ಟೆಲಿನ ಒಂದು ರೂಮು. ಅಲ್ಲಿಗೆ ಅವ್ವನ ದೂರೂ ಕೇಳಿಸುವುದಿಲ್ಲ, ಅವ್ವ ದೂರುವ ಜನವೂ ಕಣ್ಣಿಗೆ ಬೀಳುವುದಿಲ್ಲ.

ಒಂದು ವರ್ಷ ಅಲೆದೆವು. ಬೆಳಗಿನ ಪ್ಯಾಸೆಂಜರಿನಲ್ಲಿ ಅಜ್ಜಂಪುರ, ಅಲ್ಲಿಂದ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಈರುಳ್ಳಿ ತುಂಬಿದ ಗಾಡಿ. ಪ್ರಶ್ನೆಗಳು ಉದ್ದಕ್ಕೆ ಇದ್ದವು. ಜಮೀನೆಷ್ಟು, ಓದಿದವರೆಷ್ಟು, ರಸ್ತೆ ಎಷ್ಟು ದೂರ, ಕೆರೆ ನೀರು ಬರುತ್ತದೋ ಇಲ್ಲವೋ, ಪೆಟ್ಟು ಬಿದ್ದ ಮೇಲೆ ಮನೆ ಮೊದಲಿನಂತಾಗಲು ಎಷ್ಟು ಕಾಲ ಹಿಡಿಯಿತು. ಕೊನೆಗೊಂದು ಪ್ರಶ್ನೆ: ಕಷ್ಟಕಾಲದಲ್ಲಿ ನಿಮಗೆ ಯಾರಾದರೂ ನೆರವಾದರೇ? ಇದಕ್ಕೆ ಎಲ್ಲ ಊರಿನಲ್ಲೂ ಹೆಚ್ಚು ಕಡಿಮೆ ಒಂದೇ ಉತ್ತರ, ಯಾರೂ ಇಲ್ಲ. ನನ್ನ ಜೊತೆಗಾರನಂತೂ ಪ್ರಶ್ನೆ ಕೇಳುವುದಕ್ಕೆ ಮೊದಲೇ 'ಇಲ್ಲ' ಎಂದು ಬರೆದುಕೊಂಡು, ಆಮೇಲೆ ಮರ್ಯಾದೆಗೆಂದು ಕೇಳುತ್ತಿದ್ದ. ನನಗೆ ಆ ಉತ್ತರ ಕೇಳಿದಾಗಲೆಲ್ಲ ಒಂದು ತರಹದ ಸಮಾಧಾನ. ನಮ್ಮ ಮನೆಯೊಂದೇ ಅಲ್ಲ, ಈ ಸೀಮೆಯೇ ಹೀಗೆ ಎನ್ನಿಸುತ್ತಿತ್ತು.

ವಿವರಗಳನ್ನೆಲ್ಲ ಬೆಂಗಳೂರಿನಲ್ಲಿ ಕಾರ್ಡುಗಳ ಮೇಲೆ ತೂತು ಹೊಡೆಸಿ ಯಂತ್ರಕ್ಕೆ ಉಣಿಸಿದರು. ಸಾರು ಕೆಟ್ಟಿದ್ದು ಉಪ್ಪಿನಿಂದಲೋ ಹುಳಿಯಿಂದಲೋ ಎಂದು ನಾಲಿಗೆ ಬಿಡಿಸಿ ಹೇಳುವುದಿಲ್ಲವೇ, ನಮ್ಮ ಲೆಕ್ಕವೂ ಅದನ್ನೇ ಮಾಡುತ್ತದೆ. ಮಿಕ್ಕಿದ್ದೆಲ್ಲ ಇದ್ದ ಹಾಗೇ ಇದ್ದು ಇದೊಂದು ಹೆಚ್ಚಾದರೆ ಮನೆ ಬೇಗ ಏಳುತ್ತದೋ ತಡವಾಗಿ ಏಳುತ್ತದೋ ಎಂದು ಒಂದೊಂದು ಕಾರಣಕ್ಕೂ ಒಂದು ಅಂಕಿ ಕೊಡುತ್ತದೆ. ಎಬ್ಬಿಸುವ ಕಾರಣಕ್ಕೆ ಪ್ಲಸ್, ಮಲಗಿಸುವ ಕಾರಣಕ್ಕೆ ಮೈನಸ್. ಕೆರೆಗೆ ಪ್ಲಸ್ ಬಂತು, ಓದಿಗೆ ಬಂತು, ರಸ್ತೆ ಹತ್ತಿರವಿರುವುದಕ್ಕೂ ಸಣ್ಣದೊಂದು ಪ್ಲಸ್ ಬಂತು. ನೆರವಿಗೆ ಬಂದದ್ದು ಮೈನಸ್, ಅದೂ ದಪ್ಪನೆಯ ಮೈನಸ್. ಅಂದರೆ ನೆರವು ಪಡೆದ ಮನೆಗಳೇ ಎಲ್ಲರಿಗಿಂತ ತಡವಾಗಿ ಎದ್ದಿದ್ದವು.

ಪ್ರೊಫೆಸರರು ಕಾಗದದ ಸುರುಳಿಯನ್ನು ಹಬ್ಬದ ತೋರಣದ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದರು. "ನೋಡಿದೆಯೇನಮ್ಮ, ಇದು ಯಾರೂ ಹೇಳದ ಮಾತು" ಎಂದು ಅಂದೇ ಒಂದು ವಾಕ್ಯ ಬರೆದರು: ಈ ಭಾಗದ ಜನ ಒಬ್ಬರಿಗೊಬ್ಬರು ಆಗುವವರಲ್ಲ, ಅವರವರ ಕಾಲ ಮೇಲೆ ಅವರವರೇ ನಿಲ್ಲುವವರು, ಆ ಕಾರಣಕ್ಕೇ ಬೇಗ ಏಳುವವರು. ನನಗೂ ಬಹಳ ಹಿಡಿಸಿತು. ನಮ್ಮವ್ವನ ಗೊಣಗಾಟಕ್ಕೆ ಕಂಪ್ಯೂಟರ್ ಸಾಕ್ಷಿ ಹೇಳಿತಲ್ಲ ಎಂದು ಹಿಗ್ಗಿದೆ.

ವರದಿ ಅಚ್ಚಿಗೆ ಹೋಗುವ ಮುಂಚೆ ಕೆಲವು ಮನೆಗಳಿಗೆ ಮತ್ತೊಮ್ಮೆ ಹೋಗಿ ಉತ್ತರ ತಾಳೆ ನೋಡಬೇಕಿತ್ತು. ನಾವಿಬ್ಬರೂ ಬುಕ್ಕಾಂಬುಧಿ ಕೆರೆಯ ಆಚೆಯ ಒಂದು ಊರಿಗೆ ಹೋದೆವು. ನಮ್ಮ ಪಟ್ಟಿಯಲ್ಲಿದ್ದ ಒಂದು ಮನೆಗೆ ಹಿಂದಿನ ವಾರವಷ್ಟೇ ಬೆಂಕಿ ಬಿದ್ದು, ಸೂರು ಸುಟ್ಟು ಗೋಡೆ ಮಾತ್ರ ಉಳಿದಿತ್ತು. ಗೋಡೆಯ ಮೇಲೆ ನಾಲ್ಕೈದು ಗಂಡಸರು ಕೂತು ಬಿದಿರ ಗಳಗಳನ್ನು ಹುರಿಯಿಂದ ಬಿಗಿಯುತ್ತಿದ್ದರು. ಕೆಳಗೆ ಹೆಂಗಸರು ತೆಂಗಿನ ಗರಿ ಹೆಣೆಯುತ್ತಿದ್ದರು. ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವುದು ಎನ್ನುತ್ತಾರಲ್ಲ, ಆ ಗಾದೆ ನೆನಪಾಗಿ ನಾಚಿಕೆಯಾಯಿತು. ಆದರೂ ಕೆಲಸ ಕೆಲಸವೇ. ಮನೆಯ ಹೆಂಗಸಿನ ಪಕ್ಕ ಕೂತು, ನಾನೂ ಒಂದು ಗರಿ ಕೈಗೆತ್ತಿಕೊಂಡು, ಪ್ರಶ್ನೆ ಕೇಳಿದೆ.

"ಮನೆ ಸುಟ್ಟಾಗ ಯಾರಾದ್ರೂ ನೆರವಿಗೆ ಬಂದ್ರಾ ಅಮ್ಮ?"

"ಯಾರ್ ಬತ್ತಾರೆ ತಾಯಿ. ನಮ್ ಕಷ್ಟ ನಮ್ಗೆ" ಎಂದಳು ಆಕೆ.

ಜೊತೆಗಾರ ಆಗಲೇ 'ಇಲ್ಲ' ಎಂದು ಬರೆದಾಗಿತ್ತು. ನಾನು ತಲೆಯೆತ್ತಿ ನೋಡಿದೆ. "ಮತ್ತೆ ಮೇಲೆ ಕೂತಿರೋರು ಯಾರು?"

"ಅವ್ರಾ? ಆಚೆ ಕೇರಿಯೋರು. ಆ ತುದಿಲಿರೋ ಇಬ್ರು ಪಕ್ಕದೂರೋರು."

"ಕೂಲಿಗೆ ಬಂದಿದಾರಾ?"

"ಕೂಲಿ ಎಲ್ಲಿಂದ ಕೊಡಾನ? ಮುಯ್ಯಿಗೆ ಬಂದವ್ರೆ."

ಮುಯ್ಯಿ ನನಗೇನು ಹೊಸದಲ್ಲ. ಇವತ್ತು ನೀನು ನಮ್ಮ ಹೊಲಕ್ಕೆ ಬಾ, ನಾಳೆ ನಾನು ನಿಮ್ಮ ಹೊಲಕ್ಕೆ ಬರುತ್ತೇನೆ ಎನ್ನುವ ಪದ್ಧತಿ. ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು. "ಹಂಗಾದ್ರೆ ಅದು ನೆರವಲ್ವೇನಮ್ಮ?" ಎಂದೆ.

ಆಕೆ ಹೆಣೆಯುವುದನ್ನು ನಿಲ್ಲಿಸಿದಳು. ಅಲ್ಲಿಯವರೆಗೂ ಇದ್ದ ವಿಶ್ವಾಸ ಮುಖದಿಂದ ಹೋಯಿತು. "ನೆರವು ಅಂದ್ರೆ ತಿರುಗ್ಸಿ ಮಾಡಕ್ಕಾಗ್ದೋರು ತಗಣಾದು. ನಮ್ಗೇನ್ ಕೈಕಾಲಿಲ್ವಾ? ಅವ್ರ್ ಮನೆ ಮದ್ವೆಗೆ ಚಪ್ಪರ ಹಾಕಿದ್ದು ನನ್ ಗಂಡ. ಹೋಗಿ ಕೇಳು."

ಮೇಲೆ ಕೂತಿದ್ದವನೊಬ್ಬ ಹುರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿದ: "ಬರ್ಕಳಿ ಮೇಡಮ್ನೋರೆ. ಈವಮ್ಮ ಮುಂದ್ಲ ತಿಂಗ್ಳು ನಮ್ ಈರುಳ್ಳಿ ಕೀಳಕ್ಕೆ ಬರ್ದಿದ್ರೆ ಗಳ ಬಿಚ್ಕೊಂಡ್ ಹೋಯ್ತೀವಿ." ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ನಾನೊಬ್ಬಳೇ ಪೆಚ್ಚಾಗಿ, ಗರಿಯನ್ನು ಉಲ್ಟಾ ಹೆಣೆದಿಟ್ಟೆ. ಅದನ್ನೂ ಯಾರೋ ಬಿಚ್ಚಿ ಸರಿಮಾಡಿದರು.

ಅಜ್ಜಂಪುರ ಸ್ಟೇಷನ್ನಿನ ಬೆಂಚಿನ ಮೇಲೆ ರೈಲಿಗೆ ಕಾಯುತ್ತಾ ತಲೆ ಬಿಸಿಯಾಯಿತು. 'ನೆರವು ಪಡೆದೆವು' ಎಂದು ಹೇಳಿದವರು ಹಾಗಾದರೆ ಯಾರು? ಮಾರನೆಯ ದಿನ ಹಳೆಯ ಹಾಳೆಗಳನ್ನು ತೆಗೆದು ನೋಡಿದೆ. ಬಹುಪಾಲು ಬೇರೆ ಊರಿನಿಂದ ಬಂದು ಹೊಸದಾಗಿ ನೆಲೆಸಿದವರು, ಮುಯ್ಯಿ ಮಾಡಲು ಜೊತೆಯೇ ಇಲ್ಲದವರು, ಜಗಳವಾಡಿ ಒಂಟಿಯಾದವರು. ಅವರಿಗೆ ಬಂದ ನೆರವೆಂದರೆ ಸರ್ಕಾರದ ಪರಿಹಾರ, ಯಾರೋ ಪುಣ್ಯಾತ್ಮರ ಹಳೆ ಬಟ್ಟೆ. ನಮ್ಮ ಮೈನಸ್ ಅಳೆದದ್ದು ನೆರವನ್ನಲ್ಲ, ಜನವಿಲ್ಲದಿರುವುದನ್ನು. ಜನವಿದ್ದವರೆಲ್ಲ ಎದೆಯುಬ್ಬಿಸಿ 'ಯಾರೂ ಇಲ್ಲ' ಎಂದಿದ್ದರು, ನಾವು ಅದನ್ನು ನಂಬಿ ತೂತು ಹೊಡೆಸಿದ್ದೆವು. ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ನಾನು ಪ್ರಶ್ನೆಯನ್ನು ತಿರುಗಿಸಿದೆ. 'ನಿಮ್ಮ ಮನೆಗೆ ಯಾರು ಬಂದರು' ಎಂದು ಕೇಳುವ ಬದಲು 'ನೀವು ಯಾರ ಮನೆಗೆ ಹೋಗಬೇಕು' ಎಂದು ಕೇಳಿದೆ. ಬಂದವರ ಹೆಸರು ಬಾಯಿಬಿಡದ ಜನ, ತಾವು ಹೋಗಬೇಕಾದ ಮನೆಗಳನ್ನು ಹರಿಕಥೆಯ ಹಾಗೆ ಹೇಳತೊಡಗಿದರು. ಒಬ್ಬರು ಹೇಳುವಾಗ ಇನ್ನೊಬ್ಬರು ಒಳಗಿನಿಂದ ಬಂದು ಮರೆತದ್ದನ್ನು ಸೇರಿಸುತ್ತಿದ್ದರು. ಜೊತೆಗಾರ ಮೂರನೆಯ ಊರಿಗೆ ಸುಸ್ತಾಗಿ, "ಇವ್ರಿಗೆ ಸ್ವಂತ ಹೊಲಕ್ಕೆ ಹೋಗಾಕೆ ಟೈಮೆಲ್ಲಿರುತ್ತೆ ಕಣ್ರೀ?" ಎಂದ. ಕೆಲವೇ ಊರುಗಳು, ಕೆಲವೇ ಕಾರಣಗಳು, ಕಂಪ್ಯೂಟರ್ ಬೇಕಿರಲಿಲ್ಲ. ಕಾಲೇಜಿನಿಂದ ಎರವಲು ತಂದ ಕ್ಯಾಲ್ಕುಲೇಟರಿನಲ್ಲಿ ಗುಂಡಿ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡು ಲೆಕ್ಕ ಮುಗಿಸಿದೆ. ಹೋಗಬೇಕಾದ ಮನೆಗಳು ಹೆಚ್ಚಿದ್ದಷ್ಟೂ ಮನೆ ಬೇಗ ಎದ್ದಿತ್ತು. ಪ್ಲಸ್, ಅದೂ ರಸ್ತೆ ಓದು ಎರಡನ್ನೂ ಹಿಂದೆ ಹಾಕುವಂಥ ಪ್ಲಸ್.

ಬೆಂಗಳೂರಿಗೆ ಹೋಗಿ ಪ್ರೊಫೆಸರರ ಮುಂದೆ ಇಟ್ಟೆ. ಅವರು ಕೆಟ್ಟ ಮನುಷ್ಯರಲ್ಲ, ಇಡೀ ಲೆಕ್ಕವನ್ನು ಕೂತು ನೋಡಿದರು. ಕನ್ನಡಕ ತೆಗೆದು, "ಉತ್ತರ ಹಿಡಿಸಲಿಲ್ಲ ಅಂತ ಪ್ರಶ್ನೆ ಬದಲಾಯಿಸಿದರೆ ಅದು ಸಂಶೋಧನೆ ಅಲ್ಲಮ್ಮ" ಎಂದರು.

"ಪ್ರಶ್ನೆಯೇ ತಪ್ಪಿತ್ತು ಸಾರ್."

"ಇರಬಹುದು. ಆದರೆ ನಾಲ್ಕಾರು ಊರಿನ ಲೆಕ್ಕ ಇಟ್ಟುಕೊಂಡು ನಾನು ಅದನ್ನ ಹೇಳೋದಕ್ಕಾಗಲ್ಲ. ಮುಂದೆ ಯಾರಾದರೂ ನೋಡಲಿ."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. "ಹಾಗಾದರೆ ಆ ಒಂದು ವಾಕ್ಯ ತೆಗೆದುಬಿಡಿ ಸಾರ್. ಈ ಜನ ಒಬ್ಬರಿಗೊಬ್ಬರು ಆಗುವವರಲ್ಲ ಅನ್ನೋದನ್ನ."

"ಅದೇ ವರದಿಯ ಬೆನ್ನೆಲುಬು" ಎಂದರು. ಆಮೇಲೆ ಮೆತ್ತಗೆ ಹೇಳಿದರು: "ವರದಿಗೆ ನಿಮ್ಮಿಬ್ಬರ ಸಹಿಯೂ ಬೇಕು. ಕೆಲಸ ನಿನಗೇ ಕೊಡಬೇಕು ಅಂತ ಇದ್ದೆ. ಸಹಿ ಹಾಕದವರನ್ನ ನಾನು ಕಮಿಟಿ ಮುಂದೆ ಹೇಗೆ ತರಲಿ? ಊರಿಗೆ ಹೋಗಿ ಯೋಚನೆ ಮಾಡು."

ಯೋಚನೆ ಮಾಡುವುದೇನು ಬಂತು. ರೈಲಿನಲ್ಲೇ ಸಹಿ ಹಾಕಲು ಮನಸ್ಸು ಮಾಡಿದ್ದೆ. ಒಂದು ವಾಕ್ಯಕ್ಕಾಗಿ ಯಾರಾದರೂ ಖಾಯಂ ಕೆಲಸ ಬಿಡುತ್ತಾರೆಯೇ? ಅವ್ವನಿಗೆ ಹೇಳಿದಾಗ ಅವಳೂ, "ಹಾಕ್ಬಿಡೇ, ನಿಮ್ಮಪ್ಪನ ಗಂಟೇನ್ ಹೋಯ್ತದೆ? ಅವ್ರ್ ಹೇಳಿರೋದೂ ಸರಿಯಾಗೇ ಐತಲ್ಲ, ಯಾರ್ ಯಾರಿಗಾಯ್ತಾರೆ?" ಎಂದು ಹಪ್ಪಳದ ಹಿಟ್ಟು ನಾದುತ್ತಾ ಕೂತಳು. ನನ್ನ ಕಾಲೆಳೆಯುವ ಚಪಲಕ್ಕೆ ಮಿತಿಯಿಲ್ಲ. ಸುಮ್ಮನೆ ತಮಾಷೆಗೆ ಕೇಳಿದೆ. "ಅದಿರ್ಲಿ ಅವ್ವ, ನೀನು ಯಾರ್ ಮನೆಗೆ ಹೋಗ್ಬೇಕು ಹೇಳು?"

"ಯಾಕೆ, ಈ ಹಿಟ್ಟು ಯಾರದ್ದು ಅಂದ್ಕೊಂಡೆ? ಪಕ್ಕದ ಡ್ರೈವರ್ ಮನೇದು. ನಾಳೆ ಒತ್ತಾಕೆ ಹೋಗ್ಬೇಕು. ಕಡೂರಲ್ಲಿ ಟೈಲರಮ್ಮನ ಮಗಳ ಮದ್ವೆ, ಮುಂಚೆನೇ ಹೋಗಿ ಅಕ್ಕಿ ಮಾಡ್ಕೊಡ್ಬೇಕು. ಕಮಾನಿನ ಮನೆ ಅಜ್ಜಿಗೆ ಕಣ್ಣು ಕಾಣಲ್ಲ, ರಜ ಸಿಕ್ದಾಗ ತಲೆಗೆ ನೀರು ಹಾಕ್ಬೇಕು." ನಾದುತ್ತಾ ನಾದುತ್ತಾ ಅವಳು ಹೇಳುತ್ತಲೇ ಹೋದಳು. ಬೀರೂರಿನಲ್ಲಿ ಅಷ್ಟು ಮನೆಗಳಿವೆ ಎಂದು ನನಗೆ ಅಂದೇ ಗೊತ್ತಾದದ್ದು. ಕೊನೆಗೆ, "ತರೀಕೆರೆದು ಇನ್ನೂ ಮುಗ್ದೇ ಇಲ್ಲ. ನಿಮ್ ದೊಡ್ಡಮ್ಮನ ಮಗಳ ಬಾಣಂತನಕ್ಕೆ ಹೋಗಿದ್ದು ಎಲ್ಲಿಗ್ ಸಾಲುತ್ತೆ" ಎಂದಳು.

ನಾನು ಎದ್ದು ಕೂತೆ. ನಾನು ಮೈಸೂರಿನಲ್ಲಿದ್ದಾಗ ಅವ್ವ ಅಲ್ಲಿಗೆ ಹೋಗಿದ್ದಳೆಂಬುದೇ ನನಗೆ ತಿಳಿದಿರಲಿಲ್ಲ. "ಅವ್ರನ್ನ ಕಂಡ್ರೆ ನಿಂಗಾಗಲ್ವಲ್ಲ?"

"ಆಗಲ್ಲ. ಅದಕ್ಕೂ ಇದಕ್ಕೂ ಏನು? ನಿಮ್ಮಪ್ಪ ಹೋದಾಗ ನಂಗೆ ಮೈಮೇಲೆ ಎಚ್ಚರ ಇರ್ಲಿಲ್ಲ. ಆಯಮ್ಮ ಬಂದು ಮಳೆಗಾಲ ಪೂರ್ತಿ ಇಲ್ಲೇ ಇದ್ಳು. ನಿಂಗೆ ಜಡೆ ಹಾಕಿ ಸ್ಕೂಲಿಗೆ ಕಳಿಸ್ತಿದ್ದೋಳು ಅವ್ಳು ಕಣೇ, ನಾನಲ್ಲ."

ಜಡೆ ನನಗೆ ಚೆನ್ನಾಗಿ ನೆನಪಿತ್ತು. ತಲೆ ನೋಯುವಷ್ಟು ಬಿಗಿಯಾಗಿ, ಹಣೆಯ ಚರ್ಮ ಎಳೆದುಕೊಳ್ಳುವ ಹಾಗೆ ಹಾಕಿದ ಜಡೆ. ಇಷ್ಟು ವರ್ಷ ಅದನ್ನು ಅವ್ವನ ಕೈ ಎಂದೇ ತಿಳಿದಿದ್ದೆ. ಅಪ್ಪ ಇಲ್ಲದ ಆ ಮಳೆಗಾಲದಲ್ಲಿ ನನಗೆ ಧೈರ್ಯವಾಗಿದ್ದದ್ದು ಆ ಕೈಯೊಂದೇ.

"ಮತ್ತೆ ಯಾರೂ ಆಗ್ಲಿಲ್ಲ ಅಂತ ನನ್ ತಲೆ ತಿಂತಿದ್ದೆಯಲ್ಲ?" ಎಂದು ರೇಗಿದೆ.

ಅವ್ವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದು ಆಗಿದ್ದಾ? ಅದು ಮುಯ್ಯಿ. ತೀರಿಸ್ತಾ ಇಲ್ವಾ ನಾನು?" ಎಂದು ಹಿಟ್ಟಿಗೆ ಎಣ್ಣೆ ಸವರಿ ಮುಚ್ಚಿಟ್ಟಳು.

ನಾನು ಸಹಿ ಹಾಕಲಿಲ್ಲ. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಹಾಕೋಣವೆಂದೇ ಬೆಂಗಳೂರಿಗೆ ಹೋದೆ, ಪೆನ್ನನ್ನೂ ತೆಗೆದೆ. ಆದರೆ ಆ ವಾಕ್ಯವನ್ನು ಓದುವಾಗ ಕಂಡದ್ದು ಕಾಗದವಲ್ಲ, ದೊಡ್ಡಮ್ಮನ ಕೈ. ತನ್ನ ಮಕ್ಕಳನ್ನು ತರೀಕೆರೆಯಲ್ಲಿ ಬಿಟ್ಟು ಬಂದು ಇನ್ನೊಬ್ಬಳ ಮಗಳ ತಲೆ ಬಾಚಿದ ಹೆಂಗಸನ್ನು 'ಆಗುವವಳಲ್ಲ' ಎಂದು ಬರೆದು ಕೆಳಗೆ ನನ್ನ ಹೆಸರು ಹಾಕುವುದು ನನ್ನಿಂದಾಗಲಿಲ್ಲ. ಪ್ರೊಫೆಸರರು ಕಾಫಿ ತರಿಸಿಕೊಟ್ಟರು, ಆಮೇಲೆ ಕಾಗದವನ್ನು ಹಿರೇನಲ್ಲೂರಿನ ಹುಡುಗನ ಕಡೆ ಸರಿಸಿದರು. ಅವನು ನನ್ನ ಮುಖ ನೋಡದೆ ಸಹಿ ಹಾಕಿದ. ಕೆಲಸ ಅವನಿಗಾಯಿತು. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನ ಮದುವೆಯ ಊಟ ಉಣ್ಣುವವರೆಗೂ ಇತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಇಡೀ ಬೀದಿ ಹೇಳುತ್ತದೆ, ಅವ್ವ ಅತ್ತು ಕರೆಯುತ್ತಾಳೆ ಎಂದೆಲ್ಲ ಲೆಕ್ಕ ಹಾಕಿಕೊಂಡು ಮನೆಗೆ ಬಂದೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. "ಹೋಗ್ಲಿ ಬಿಡು" ಎಂದಳು. ಅದರ ಬೆನ್ನಿಗೇ, "ಈಗ ಹೆಂಗೂ ನಿಂಗೆ ಬಿಡುವೈತೆ. ನಿಮ್ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಕೈ ಮುರ್ಕೊಂಡವ್ಳಂತೆ. ನಂಗೆ ರಜ ಸಿಗಲ್ಲ, ನೀನ್ ಹೋಗು" ಎಂದಳು.

ಶಿವಮೊಗ್ಗದ ರೈಲು ಹತ್ತಿ ತರೀಕೆರೆಯಲ್ಲಿ ಇಳಿದೆ. ದೊಡ್ಡಮ್ಮ ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಚೀಲ ಕೆಳಗಿಡುವುದಕ್ಕೆ ಮೊದಲೇ, ಬೇಳೆ ಬೇಯಲು ಇಟ್ಟಿದ್ದೇನೆ, ನೋಡು ಎಂದಳು. ಅಲ್ಲಿಂದ ಅವಳ ದರ್ಬಾರು. ನನ್ನ ಮುದ್ದೆಯಲ್ಲಿ ಗಂಟು, ನಾನು ಒಗೆದ ಸೀರೆಯಲ್ಲಿ ಸೋಪು, ನಾನು ಕಟ್ಟಿದ ಎಮ್ಮೆ ಬಿಚ್ಚಿಕೊಂಡು ಪಕ್ಕದವರ ಹಿತ್ತಲಿಗೆ. "ಎಮ್ಮೆಸ್ಸಿಲಿ ಇದ್ನೆಲ್ಲ ಹೇಳ್ಕೊಡಲ್ವಾ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಅವ್ವ ಇವಳನ್ನು ಕಂಡರೆ ಆಗುವುದಿಲ್ಲ ಎನ್ನುವುದರಲ್ಲಿ ಏನೇನೂ ತಪ್ಪಿಲ್ಲ ಎನ್ನಿಸಿತು. ನಾನೂ ಸರಿಯಾಗಿಯೇ ತಿರುಗಿಸಿ ಉತ್ತರ ಕೊಟ್ಟೆ. ಜಗಳವಾಡಿಕೊಂಡೇ ಪಟ್ಟಿ ಬಿಚ್ಚುವವರೆಗೂ ಇದ್ದೆ.

ಹೊರಟ ದಿನ ಅವಳು ಬಾಗಿಲವರೆಗೆ ಬಂದಳು. ಒಳ್ಳೆಯದಾಯಿತು ಎನ್ನಲಿಲ್ಲ, ನಿನ್ನಿಂದ ಉಪಕಾರವಾಯಿತು ಎನ್ನಲಿಲ್ಲ. ಸೊಟ್ಟಗೆ ಕೂಡಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಖಂಡಿತವಾದ ಒಂದು ವಿಷಯ ಹೇಳುವವಳಂತೆ ಹೇಳಿದಳು:

"ನಿಮ್ಮವ್ವಂದು ಬೇರೆ, ನಿಂದು ಬೇರೆ. ಇನ್ಮೇಲೆ ನಾನು ನಿನ್ ಮನೆಗ್ ಬರ್ಬೇಕು. ನಿಂಗೆ ಎಲ್ಲಿ ಮನೆ ಆಯ್ತದೋ ಅಲ್ಲಿಗೇ ಬತ್ತೀನಿ."

ನನಗೆ ಆಗ ಕೆಲಸವಿರಲಿಲ್ಲ, ಗಂಡನಿರಲಿಲ್ಲ, ನನ್ನದು ಎನ್ನುವ ಮನೆಯೂ ಇರಲಿಲ್ಲ. ಆಗಲಿ ಎಂದು ತಲೆಯಾಡಿಸಿ ಸ್ಟೇಷನ್ನಿಗೆ ನಡೆದೆ. ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಬೀರೂರು ಬರುವವರೆಗೂ ಅತ್ತೆ.